ಬೆಕ್ಕಿನ ಹಳೇ ತಮಾಷೆ ಕಾರ್ಡುಗಳು: ಮೇನ್ಜರ್ ಅಂದ್ರೆ ಚಿತ್ರ ಬರೆದವರಾ, ಮಾರಿದವರಾ?

ಸಾಗರದ_ಸುಮ

ಎಲ್ಲರಿಗೂ ನಮಸ್ಕಾರ. ಹಳೇ ಪೋಸ್ಟ್‌ಕಾರ್ಡ್ ಕೂಡಿಡುವವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಅತ್ತೆಯ ಅಣ್ಣ 1960ರ ದಶಕದಲ್ಲಿ ಓದಲು ನ್ಯೂಯಾರ್ಕ್‌ಗೆ ಹೋಗಿದ್ದರು. ಅಲ್ಲಿಂದ ಮನೆ ಮಕ್ಕಳಿಗೆ ಬೆಕ್ಕಿನ ಚಿತ್ರದ ಕಾರ್ಡು ಕಳಿಸುತ್ತಿದ್ದರಂತೆ. ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಅವೆಲ್ಲ ಚೆನ್ನಾಗಿಯೇ ಉಳಿದಿವೆ. ಕಾರ್ಡಿನ ಅಂಚನ್ನು ಹಳೇ ಫೋಟೋಗಳ ಹಾಗೆ ಅಂಕುಡೊಂಕಾಗಿ ಕತ್ತರಿಸಿದ್ದಾರೆ. ಬಣ್ಣ ಇನ್ನೂ ಗಟ್ಟಿಯಾಗಿದೆ.

ಒಂದರಲ್ಲಿ ಅಡುಗೆಮನೆ. ತಾಯಿ ಬೆಕ್ಕು ಏಪ್ರನ್ ಕಟ್ಟಿಕೊಂಡು ಹಿಟ್ಟು ಲಟ್ಟಿಸುತ್ತಿದೆ. ಅದರ ಬೆನ್ನ ಹಿಂದೆ ಒಲೆ ಮೇಲೆ ಹಾಲು ಉಕ್ಕುತ್ತಿದೆ, ಯಾರಿಗೂ ಗಮನವಿಲ್ಲ. ಒಂದು ಮರಿ ಸ್ಟೂಲ್ ಹತ್ತಿ ಮೇಲಿನ ಜಾಡಿಗೆ ಕೈ ಹಾಕಿದೆ. ಸ್ಟೂಲಿನ ಒಂದು ಕಾಲು ಆಗಲೇ ನೆಲ ಬಿಟ್ಟಿದೆ. ಇನ್ನೊಂದು ಮರಿ ಮೇಜಿನ ಬಟ್ಟೆ ಹಿಡಿದು ಎಳೆಯುತ್ತಿದೆ, ಮೇಲೆ ಮೊಟ್ಟೆಯ ಬುಟ್ಟಿ ಇದೆ. ಇನ್ನು ಒಂದು ಕ್ಷಣದಲ್ಲಿ ಎಲ್ಲಾ ಬೀಳುತ್ತದೆ ಅಂತ ನಮಗೆ ಗೊತ್ತು, ಆ ತಾಯಿಗೆ ಗೊತ್ತಿಲ್ಲ. ನನ್ನ ಮಗಳಂತೂ ಈ ಕಾರ್ಡು ಬಿಟ್ಟು ಏಳುವುದಿಲ್ಲ.

ಹಿಂದುಗಡೆ ಆಲ್‌ಫ್ರೆಡ್ ಮೇನ್ಜರ್, ನ್ಯೂಯಾರ್ಕ್ ಅಂತಿದೆ. ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದದ್ದು ಅಂತಲೂ ಇದೆ. ಚಿತ್ರದ ಮೇಲೆ ಸಹಿ ಕಾಣುವುದಿಲ್ಲ. ಮಾರುವವರೆಲ್ಲ ‘ಮೇನ್ಜರ್ ಬೆಕ್ಕು’ ಅಂತಲೇ ಹಾಕುತ್ತಾರೆ. ಈ ಮೇನ್ಜರ್ ಅನ್ನುವವರೇ ಚಿತ್ರ ಬರೆದರಾ?

ಅಂಚೆಡಬ್ಬಿ

ಅಲ್ಲ ಸುಮಾ ಅವರೇ. ಮೇನ್ಜರ್ ಪ್ರಕಾಶಕರು, ಅಮೆರಿಕದಲ್ಲಿ ಈ ಕಾರ್ಡು ಮಾರಿದವರು. ಬರೆದವರು ಯೂಜೆನ್ ಹಾರ್ಟುಂಗ್ ಅಂತ ಸ್ವಿಸ್ ಚಿತ್ರಕಾರ, 1897ರಿಂದ 1973ರವರೆಗೆ ಬದುಕಿದ್ದವರು. ಜ್ಯೂರಿಕ್‌ನ ಮ್ಯಾಕ್ಸ್ ಕ್ಯೂನ್ಸ್‌ಲಿ ಅನ್ನುವ ಪ್ರಕಾಶಕರು ಅವರ ಬೆಕ್ಕುಗಳನ್ನು ಕಾರ್ಡಿಗೆ ತಂದರು. ಅಲ್ಲಿಂದ ಅಮೆರಿಕಕ್ಕೆ ಹೋಗುವಾಗ ಹಿಂದೆ ಮೇನ್ಜರ್ ಹೆಸರು ಬಿತ್ತು. ಜನ ಅದನ್ನೇ ಹಿಡಿದುಕೊಂಡರು.

ನಿಮ್ಮ ಕಾರ್ಡಿನಲ್ಲಿ ಸ್ವಿಟ್ಜರ್ಲೆಂಡ್ ಅಂತ ಇರುವುದು ಒಳ್ಳೆಯದೇ. ಆಮೇಲಾಮೇಲೆ ಬೆಲ್ಜಿಯಂ, ಸ್ಪೇನ್, ಮೆಕ್ಸಿಕೋ, ಟರ್ಕಿ ಅಂತ ಬೇರೆ ಬೇರೆ ಕಡೆ ಅಚ್ಚಾದವು.

ಮಂಡ್ಯ_ಮಂಜ

ದುಡಿದವನು ಒಬ್ಬ, ಹೆಸರು ಇನ್ನೊಬ್ಬನದು. ಎಲ್ಲಾ ಕಡೆ ಇದೇ ಕಥೆ ಅಲ್ವಾ.

ಜಯನಗರ_ಜಗ್ಗಿ

ಹಾರ್ಟುಂಗ್ ಇರಲಿ, ಮೇನ್ಜರ್ ಇರಲಿ, ಎಲ್ಲರೂ ಲೂಯಿ ವೇನ್ ಹಾದಿಯಲ್ಲೇ ನಡೆದವರು. ಬೆಕ್ಕಿಗೆ ಬಟ್ಟೆ ತೊಡಿಸಿ ಎರಡು ಕಾಲಿನ ಮೇಲೆ ನಿಲ್ಲಿಸಿದ ಇಂಗ್ಲೆಂಡಿನ ಮಹಾನುಭಾವ ಅವರು. ಮೂಲ ಬಿಟ್ಟು ನಕಲಿನ ಬಗ್ಗೆ ಯಾಕೆ ಚರ್ಚೆ?

ಜ್ಯೂರಿಕ್_ಕನ್ನಡಿಗ

ಜಗ್ಗಿ, ನಕಲು ಅನ್ನುವುದು ಜಾಸ್ತಿಯಾಯಿತು. ವೇನ್ ತೀರಿಕೊಂಡದ್ದು 1939ರಲ್ಲಿ. ಹಾರ್ಟುಂಗ್ ಬೆಕ್ಕುಗಳು ಓಡಾಡಿದ್ದು 1940ರ ದಶಕದಿಂದ ಈಚೆಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವೇನ್ ಬೆಕ್ಕಿಗೆ ದೊಡ್ಡ ದುಂಡು ಕಣ್ಣು, ಬಾಯಿ ತುಂಬಾ ನಗು. ಅದು ನಿಮ್ಮನ್ನೇ ನೋಡಿ ನಗುತ್ತಿರುತ್ತದೆ. ಹಾರ್ಟುಂಗ್ ಬೆಕ್ಕು ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ತನ್ನ ಕೆಲಸ ತನಗೆ. ಮುಖದಲ್ಲಿ ಭಾರೀ ಗಾಂಭೀರ್ಯ. ನಗು ಬರುವುದು ಸುತ್ತ ನಡೆಯುವ ಅವಾಂತರದಿಂದ. ಸುಮಾ ಅವರು ಹೇಳಿದ ಆ ಸ್ಟೂಲಿನ ಕಾಲು ಇದೆಯಲ್ಲ, ಅದೇ ಹಾರ್ಟುಂಗ್. ಅವರ ಕಾರ್ಡಿನಲ್ಲಿ ಯಾವಾಗಲೂ ಏನೋ ಒಂದು ಬೀಳುವುದರಲ್ಲಿರುತ್ತದೆ.

ಇಲ್ಲಿ ಬ್ಯೂರ್ಕ್ಲಿಪ್ಲಾಟ್ಸ್‌ನಲ್ಲಿ ಬೇಸಿಗೆಯ ಶನಿವಾರಗಳಲ್ಲಿ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ಕಾರ್ಡಿನ ಡಬ್ಬಿಗಳಲ್ಲಿ ಆಗಾಗ ಈ ಬೆಕ್ಕುಗಳು ಕಾಣುತ್ತವೆ. ಚಿತ್ರ ನೋಡಿ ನಗುವವರು ಬೇಕಾದಷ್ಟು. ಚಿತ್ರಕಾರರ ಹೆಸರು ಕೇಳಿದರೆ ಹೇಳುವವರು ಕಮ್ಮಿ. ಅವರ ಸ್ವಂತ ಊರಿನಲ್ಲೇ ಹೀಗೆ. ನನಗೆ ಬೇಜಾರಾಗುವುದು ಅದಕ್ಕೆ.

ಕುಂಚ

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಈ ಕಾರ್ಡುಗಳನ್ನು ‘ಮುದ್ದು ಮುದ್ದು’ ಅಂತ ಪಕ್ಕಕ್ಕಿಡುವವರ ಮೇಲೆ ನನಗೆ ತಕರಾರಿದೆ. ಇದು ಕಷ್ಟದ ಕೆಲಸ ಸ್ವಾಮಿ.

ಬೆಕ್ಕನ್ನು ನಿಲ್ಲಿಸುವುದೇ ಮೊದಲ ತೊಂದರೆ. ಅದರ ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿದ ಹಾಗೆ ಕಾಣುವ ಗಂಟು ಮೊಣಕಾಲಲ್ಲ, ಹಿಮ್ಮಡಿ. ನಿಜವಾದ ಮೊಣಕಾಲು ಹೊಟ್ಟೆಯ ಹತ್ತಿರ ಕೂದಲಲ್ಲಿ ಮುಚ್ಚಿಹೋಗಿರುತ್ತದೆ. ಇದು ತಿಳಿಯದೆ ನಿಲ್ಲಿಸಿದರೆ ಬೆಕ್ಕಿನ ಮುಖವಾಡ ಹಾಕಿದ ಮನುಷ್ಯನ ಹಾಗೆ ಕಾಣುತ್ತದೆ. ಆಮೇಲೆ ಭುಜ. ಬೆಕ್ಕಿಗೆ ನಮ್ಮ ಹಾಗೆ ಅಗಲ ಭುಜವಿಲ್ಲ, ಕೋಟು ಹಾಕಿದರೆ ಜಾರಿಬಿಡಬೇಕು. ಆಮೇಲೆ ಕೈ. ಹೆಬ್ಬೆರಳಿಲ್ಲದೆ ಲಟ್ಟಣಿಗೆ ಹಿಡಿಯುವುದು ಹೇಗೆ? ಒಳ್ಳೇ ಚಿತ್ರಕಾರರು ಬೆರಳು ಬರೆಯುವುದಿಲ್ಲ. ಪಂಜವನ್ನು ಹಾಗೇ ಲಟ್ಟಣಿಗೆಯ ಮೇಲೆ ಒತ್ತಿಡುತ್ತಾರೆ. ಬೆಕ್ಕು ಆಟದ ಉಂಡೆಯನ್ನು ಎರಡೂ ಪಂಜದಲ್ಲಿ ಅಮುಕಿ ಹಿಡಿಯುತ್ತದಲ್ಲ, ಅದೇ ಹಿಡಿತ. ನೋಡುವವರ ಕಣ್ಣು ತಕ್ಷಣ ಒಪ್ಪುತ್ತದೆ.

ವೇನ್ ಇದನ್ನು ಒಂದೇ ದಿನಕ್ಕೆ ಕಲಿಯಲಿಲ್ಲ. ಮೊದಲು ಪತ್ರಿಕೆಗಳಿಗೆ ಕೃಷಿ ಮೇಳದ ದನಕರು, ಹಳ್ಳಿ ಮನೆಗಳನ್ನು ಬರೆಯುತ್ತಿದ್ದವರು. ಹೆಂಡತಿ ಎಮಿಲಿ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಾಗ, ಆಕೆಯ ಮನಸ್ಸು ಹಗುರವಾಗಲಿ ಅಂತ ಮನೆಯ ಕಪ್ಪು ಬಿಳಿ ಬೆಕ್ಕು ಪೀಟರನ್ನು ಬರೆದು ಬರೆದು ತೋರಿಸುತ್ತಿದ್ದರು. 1886ರಲ್ಲಿ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ನಲ್ಲಿ ಬೆಕ್ಕಿನ ಮರಿಗಳ ಕ್ರಿಸ್‌ಮಸ್ ಪಾರ್ಟಿ ಬಂತು. 11 ಚೌಕಗಳಲ್ಲಿ 150 ಬೆಕ್ಕು. ಮುಂದಿನ ಜನವರಿಯಲ್ಲಿ ಎಮಿಲಿ ಹೋಗಿಬಿಟ್ಟರು. ಆ ಪಾರ್ಟಿ ಚಿತ್ರದಲ್ಲಿ ಬೆಕ್ಕುಗಳಿನ್ನೂ ನಾಲ್ಕು ಕಾಲಿನ ಮೇಲೇ ಇವೆ, ಬಟ್ಟೆಯೂ ಇಲ್ಲ. ಎದ್ದು ನಿಂತದ್ದು, ಸೂಟು ಬೂಟು ಹಾಕಿದ್ದು ಆಮೇಲೆ. ಮೊದಲು ನಿಜವಾದ ಬೆಕ್ಕು ಕೈಗೆ ಬಂತು, ತಮಾಷೆಯ ಬೆಕ್ಕು ಅದರ ಮೇಲೆ ನಿಂತಿತು.

ಬಿಳಿಬೆಕ್ಕು

ಆ ಪಂಜದ ಮಾತು ನೂರಕ್ಕೆ ನೂರು ನಿಜ. ನಮ್ಮ ಮನೆಯದು ಟಿವಿ ರಿಮೋಟನ್ನು ಹಾಗೇ ಹಿಡಿಯುತ್ತದೆ.

ಜಯನಗರ_ಜಗ್ಗಿ

ನೋಡಿ, ಕುಂಚ ಅವರೂ ಕೊನೆಗೆ ವೇನ್ ಹತ್ತಿರವೇ ಬಂದರು.

ಕುಂಚ

ನಾನು ವೇನ್ ದೊಡ್ಡವರಲ್ಲ ಅಂದೆನಾ? ಒಬ್ಬರು ದೊಡ್ಡವರು ಅಂತ ಉಳಿದವರೆಲ್ಲ ನಕಲು ಆಗುವುದಿಲ್ಲ ಅಂದೆ ಅಷ್ಟೇ. ಜರ್ಮನಿಯ ಆರ್ಥರ್ ತೀಲೆ ಅವರನ್ನು ಎಲ್ಲಿ ಇಡುತ್ತೀರಿ? ಅವರು ಹುಟ್ಟಿದ್ದೂ 1860, ವೇನ್ ಹುಟ್ಟಿದ್ದೂ 1860. ತೀಲೆ ಬರೆದ ಬೆಕ್ಕಿನ ಶಾಲೆ, ನಾಯಿಗಳ ಮೆರವಣಿಗೆ ನೋಡಿ. ಒಬ್ಬೊಬ್ಬ ಹುಡುಗನಿಗೂ ಬೇರೆ ಬೇರೆ ಗುಣ. ಹಿಂದಿನ ಬೆಂಚಿನ ಪೋಲಿ ಯಾರು, ಚಾಡಿ ಹೇಳುವವನು ಯಾರು, ಮನೆಕೆಲಸ ಮಾಡದೆ ಬಂದವನು ಯಾರು ಅಂತ ಮುಖ ನೋಡಿಯೇ ಹೇಳಬಹುದು.

ಗದಗ_ಪ್ರೆಸ್

ತೀಲೆ ಹೆಸರು ಬಂತಲ್ಲ, ಖುಷಿಯಾಯಿತು. ಅಚ್ಚಿನ ಕೆಲಸದವನಾಗಿ ಒಂದೆರಡು ಮಾತು.

ಮೊದಲ ಮಹಾಯುದ್ಧದ ಮುಂಚೆ ಬಣ್ಣದ ಕಾರ್ಡು ಅಂದರೆ ಜರ್ಮನಿ. ಇಂಗ್ಲೆಂಡ್, ಅಮೆರಿಕದವರೂ ಅಲ್ಲಿಯೇ ಅಚ್ಚು ಹಾಕಿಸಿಕೊಳ್ಳುತ್ತಿದ್ದರು. ಕಲ್ಲಚ್ಚಿನ ಕೆಲಸ. ಒಂದು ಬಣ್ಣಕ್ಕೆ ಒಂದು ಕಲ್ಲು. ಹಳದಿಗೆ ಒಂದು, ಗುಲಾಬಿಗೆ ಒಂದು, ತಿಳಿ ನೀಲಿಗೆ ಒಂದು, ಕಂದಿಗೆ ಒಂದು, ಹೀಗೆ ನಾಲ್ಕಕ್ಕಿಂತ ಎಷ್ಟೋ ಜಾಸ್ತಿ. ಒಂದರ ಮೇಲೊಂದು ಕೂದಲೆಳೆ ತಪ್ಪದ ಹಾಗೆ ಕೂರಿಸಬೇಕು. ಸ್ವಲ್ಪ ಸರಿದರೂ ಬೆಕ್ಕಿನ ಮೂಗಿನ ಗುಲಾಬಿ ಕೆನ್ನೆಗೆ ಬಂದು ಕೂರುತ್ತದೆ. ಮೂಲ ಚಿತ್ರ ನೋಡಿ ಯಾವ ಬಣ್ಣ ಯಾವ ಕಲ್ಲಿಗೆ ಅಂತ ಬಿಡಿಸುತ್ತಿದ್ದ ಕಸುಬಿನವರ ಹೆಸರಂತೂ ಕಾರ್ಡಿನಲ್ಲಿ ಎಲ್ಲೂ ಇಲ್ಲ. ಮಂಜಣ್ಣ ಹೇಳಿದ ಮಾತು ಅವರಿಗೂ ಸೇರುತ್ತದೆ.

ಈಗ ಅಸಲಿ ಯಾವುದು, ಮರುಮುದ್ರಣ ಯಾವುದು ಅಂತ ಕೇಳುವವರಿಗೆ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ತನ್ನಿ. ಬಣ್ಣ ತೆಳುವಾಗಿರುವ ಜಾಗ ನೋಡಿ, ಕೆನ್ನೆ ಅಥವಾ ಆಕಾಶ. ಕಲ್ಲಚ್ಚಾದರೆ ಚುಕ್ಕೆಗಳು ಅಡ್ಡಾದಿಡ್ಡಿ ಇರುತ್ತವೆ, ಒಂದು ದೊಡ್ಡದು, ಒಂದು ಚಿಕ್ಕದು, ಕೈಯಲ್ಲಿ ಇಟ್ಟದ್ದು ಅಂತ ಗೊತ್ತಾಗುತ್ತದೆ. ಇವತ್ತಿನ ಆಫ್‌ಸೆಟ್ ಆದರೆ ನಾಲ್ಕು ಬಣ್ಣದ ಚುಕ್ಕೆಗಳು ಸಾಲು ತಪ್ಪದೆ ಕೂತು ಪುಟ್ಟ ಪುಟ್ಟ ಹೂವಿನ ಆಕಾರ ಮಾಡುತ್ತವೆ. 1905ರ ಕಾರ್ಡು ಅಂತ ಕೊಟ್ಟದ್ದರಲ್ಲಿ ಈ ಹೂವು ಕಂಡರೆ ಅಲ್ಲೇ ವಾಪಸ್ ಕೊಡಿ.

ಮಂಡ್ಯ_ಮಂಜ

ಲೂಪ್ ಎಲ್ಲಾ ಯಾಕೆ ಸರ್, ಕಾಗದ ಹಳದಿಯಾಗಿದ್ದರೆ ಹಳೇದು ಅಂತ ಗೊತ್ತಾಗಲ್ವಾ?

ಗದಗ_ಪ್ರೆಸ್

ಟೀ ಡಿಕಾಕ್ಷನ್‌ನಲ್ಲಿ ಅದ್ದಿದರೆ ಹೊಸ ಕಾಗದವೂ ಸಂಜೆಯೊಳಗೆ ಹಳದಿಯಾಗುತ್ತದೆ ಮಂಜಣ್ಣ. ಚುಕ್ಕೆಗೆ ಆ ಆಟ ಬರುವುದಿಲ್ಲ.

ಸುಮಾ ಅವರಿಗೆ ಒಂದು ಮಾತು. ಇದು ಯುದ್ಧಕ್ಕೆ ಮುಂಚಿನ ಕಾರ್ಡುಗಳ ಪರೀಕ್ಷೆ. ನಿಮ್ಮದರಲ್ಲಿ ಕಲ್ಲಚ್ಚಿನ ಚುಕ್ಕೆ ಹುಡುಕಬೇಡಿ, ಅವು ಅಷ್ಟು ಹಳೆಯವಲ್ಲ.

ಹಾವೇರಿ_ಹುಡುಗಿ

ಒಂದು ಪ್ರಶ್ನೆ. ಇಷ್ಟೊಂದು ತಮಾಷೆ ಕಾರ್ಡು ಒಮ್ಮೆಗೇ ಆ ಕಾಲದಲ್ಲೇ ಯಾಕೆ ಬಂತು? ಅದಕ್ಕೂ ಮುಂಚೆ ಜನ ನಗುತ್ತಿರಲಿಲ್ವಾ?

ಅಂಚೆಡಬ್ಬಿ

ಒಳ್ಳೇ ಪ್ರಶ್ನೆ. ಉತ್ತರ ಅಂಚೆ ಇಲಾಖೆಯ ನಿಯಮದಲ್ಲಿದೆ.

ಮೊಟ್ಟಮೊದಲ ಪೋಸ್ಟ್‌ಕಾರ್ಡು ಬಂದದ್ದು 1869ರ ಅಕ್ಟೋಬರ್ 1ರಂದು, ಆಸ್ಟ್ರಿಯಾ ಹಂಗೇರಿಯಲ್ಲಿ. ನಮ್ಮ ದೇಶಕ್ಕೆ 1879ರಲ್ಲಿ ಬಂತು, ಬೆಲೆ ಕಾಲಾಣೆ. ಇವೆಲ್ಲ ಬರೀ ಕಾರ್ಡು, ಚಿತ್ರವಿಲ್ಲ. ಬ್ರಿಟನ್ನಿನಲ್ಲಿ ಖಾಸಗಿಯವರು ಚಿತ್ರದ ಕಾರ್ಡು ಮಾಡಿ ಅಂಚೆಗೆ ಹಾಕಬಹುದು ಅಂತ ಆದದ್ದು 1894ರಲ್ಲಿ. ಆಗಲೂ ಒಂದು ತೊಡಕಿತ್ತು. ಕಾರ್ಡಿನ ಒಂದು ಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಬರೆಯಬೇಕಾದ ಮಾತನ್ನು ಚಿತ್ರದ ಬದಿಯಲ್ಲೇ ಸಂದಿಯಲ್ಲಿ ಗೀಚಬೇಕು. ಹಾಗಾಗಿ ಚಿತ್ರ ಮೂಲೆ ಸೇರಿಬಿಡುತ್ತಿತ್ತು.

1902ರಲ್ಲಿ ಬ್ರಿಟನ್ ಹಿಂಬದಿಯ ನಡುವೆ ಗೆರೆ ಎಳೆಯಲು ಒಪ್ಪಿತು. ಎಡಕ್ಕೆ ಮಾತು, ಬಲಕ್ಕೆ ವಿಳಾಸ. 1905ರಲ್ಲಿ ಜರ್ಮನಿ, 1907ರಲ್ಲಿ ಅಮೆರಿಕ ಅದೇ ಮಾಡಿದವು. ಮುಂದಿನ ಬದಿ ಪೂರ್ತಿ ಚಿತ್ರಕ್ಕೆ ಸಿಕ್ಕಿತು! ಬೆಕ್ಕು ಮೂಲೆಯಿಂದ ಎದ್ದು ಬಂದು ಇಡೀ ಕಾರ್ಡು ತುಂಬಿದ್ದು ಆಗ. ಅಂಚೆ ಖರ್ಚು ಅರ್ಧ ಪೆನ್ನಿ. ಲಂಡನ್ನಿನಲ್ಲಿ ದಿನಕ್ಕೆ ಹಲವು ಸಲ ಬಟವಾಡೆ. ಬೆಳಿಗ್ಗೆ ಹಾಕಿದ ಕಾರ್ಡು ಸಂಜೆಗೆ ಊರೊಳಗೆ ಸಿಗುತ್ತಿತ್ತು. ‘ಸಂಜೆ ಚಹಾಕ್ಕೆ ಬರುತ್ತೇನೆ’ ಅನ್ನಲೂ ಕಾರ್ಡು. ಎರಡು ಸಾಲು ಬರೆಯುವವರಿಗೆ ಚಿತ್ರವೇ ಮುಕ್ಕಾಲು ಮಾತು ಆಡಬೇಕಲ್ಲ. ಹಾಗಾಗಿ ತಮಾಷೆ ಚಿತ್ರಕ್ಕೆ ಅಷ್ಟು ಬೇಡಿಕೆ. 1918ರ ಜೂನ್‌ನಲ್ಲಿ ಆ ಅರ್ಧ ಪೆನ್ನಿ ಒಂದು ಪೆನ್ನಿ ಆಯಿತು. ಯುದ್ಧದಿಂದ ಜರ್ಮನಿಯ ಅಚ್ಚೂ ತಪ್ಪಿತ್ತು. ಸುಗ್ಗಿ ಮುಗಿಯಿತು.

ಹಾವೇರಿ_ಹುಡುಗಿ

ನಮ್ಮ ಬೆಂಗಳೂರು, ಮೈಸೂರಿನಲ್ಲಿ ಇಂಥವು ಅಚ್ಚಾಗಿಲ್ವಾ?

ಅಂಚೆಡಬ್ಬಿ

ಹಿಗ್ಗಿನ್‌ಬಾಥಮ್ಸ್‌ನವರು ಮದ್ರಾಸು ಮತ್ತು ಬೆಂಗಳೂರು ಅಂತ ಹೆಸರು ಹಾಕಿ ಚಿತ್ರದ ಕಾರ್ಡು ತರುತ್ತಿದ್ದರು. ನನ್ನ ಕೈಗೆ ಬಂದವೆಲ್ಲ ಬೀದಿ, ಅರಮನೆ, ಕೆರೆ, ಕಸುಬಿನ ಜನ. ಪ್ರಾಣಿಗಳ ತಮಾಷೆ ಕಾರ್ಡು ಇಲ್ಲಿಗೆ ಹೊರಗಿನಿಂದಲೇ ಬಂದದ್ದು, ಸುಮಾ ಅವರ ಡಬ್ಬಿಗೆ ಬಂದ ಹಾಗೆ.

ಧಾರವಾಡ_ದಾಸ

ನಮಗೆ ಪ್ರಾಣಿ ತಮಾಷೆ ಹೊಸದಾ? ಪಂಚತಂತ್ರ ನಮ್ಮದು. ಮಹಾಬಲಿಪುರದ ಬಂಡೆ ನೋಡಿ, ಏಳನೇ ಶತಮಾನದ್ದು. ಅಷ್ಟು ದೇವತೆಗಳು, ಋಷಿಗಳು, ಆನೆಗಳ ನಡುವೆ ಒಂದು ಬೆಕ್ಕು ಎರಡು ಕಾಲಿನ ಮೇಲೆ ನಿಂತು ಕೈ ಮೇಲೆತ್ತಿ ತಪಸ್ಸು ಮಾಡುತ್ತಿದೆ. ಸುತ್ತ ಇಲಿಗಳು. ಕೋಲ್ಕತ್ತದ ಕಾಳಿಘಾಟ್ ಚಿತ್ರಗಳಲ್ಲಿ ಹಣೆಗೆ ನಾಮ ಹಾಕಿದ ಬೆಕ್ಕು ಬಾಯಲ್ಲಿ ಸೀಗಡಿ ಕಚ್ಚಿಕೊಂಡಿದೆ, ಹತ್ತೊಂಬತ್ತನೇ ಶತಮಾನದ್ದು. ಎರಡು ಕಾಲಿನ ಮೇಲೆ ಬೆಕ್ಕನ್ನು ನಿಲ್ಲಿಸಿದ್ದು ವೇನ್ ಅನ್ನುವವರಿಗೆ ಇದು ಉತ್ತರ.

ಜ್ಯೂರಿಕ್_ಕನ್ನಡಿಗ

ಆಹಾ, ಆ ಮಹಾಬಲಿಪುರದ ಬೆಕ್ಕು ನನಗೂ ಅಚ್ಚುಮೆಚ್ಚು. ಆದರೆ ಒಂದು ವ್ಯತ್ಯಾಸ ಇದೆ ದಾಸರೇ. ನಮ್ಮಲ್ಲಿ ಬೆಕ್ಕು ಎದ್ದು ನಿಂತರೆ ಅದರ ಹಿಂದೆ ಒಂದು ಪಾಠ ಇರುತ್ತದೆ. ಕಳ್ಳ ಸನ್ಯಾಸಿಯನ್ನು ನಂಬಬೇಡ ಅಂತ. ಹಾರ್ಟುಂಗ್ ಬೆಕ್ಕಿನಿಂದ ಯಾವ ಪಾಠವೂ ಇಲ್ಲ. ಹಾಲು ಉಕ್ಕಿತು, ಸ್ಟೂಲು ಬಿತ್ತು, ಅಷ್ಟೇ. ನೀತಿ ಹೇಳದೆ ಸುಮ್ನೆ ನಗಿಸುವುದು ನನಗೆ ಜಾಸ್ತಿ ಇಷ್ಟ.

ಧಾರವಾಡ_ದಾಸ

ಪಾಠ ಇದ್ದರೆ ನಗು ಕಮ್ಮಿಯಾಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆ ಇಲಿಗಳು ಕೈ ಮುಗಿದು ನಿಂತಿರುವುದು ನೋಡಿ ನಗದವರು ಯಾರು?

ನೀಲಿಶಾಯಿ

ಎಲ್ಲಾ ಕಾರ್ಡೂ ಸುಮ್ನೆ ನಗಿಸಲು ಬರೆದದ್ದಲ್ಲ. ಇಂಗ್ಲೆಂಡಿನಲ್ಲಿ ಹೆಂಗಸರು ಮತದ ಹಕ್ಕಿಗೆ ಹೋರಾಡುತ್ತಿದ್ದಾಗ ರಾಶಿ ರಾಶಿ ಬೆಕ್ಕಿನ ಕಾರ್ಡು ಬಂದವು. ಬಾಯಿ ಅಗಲ ಮಾಡಿ ಅಳುವ ಬೆಕ್ಕಿನ ಮರಿ, ಕೆಳಗೆ ‘ನನಗೆ ವೋಟು ಬೇಕು’ ಅಂತ ಸಾಲು. ಮನೆಯಲ್ಲಿ ಇರಬೇಕಾದ ಸಾಕುಪ್ರಾಣಿ ರಂಪ ಮಾಡುತ್ತಿದೆ ಅನ್ನುವುದೇ ಅಲ್ಲಿನ ತಮಾಷೆ. ಹೆಂಗಸರ ಮಾತನ್ನು ಮಿಯಾವ್ ಮಾಡಿಬಿಡುವ ಉಪಾಯ.

ಹೋರಾಟಗಾರ್ತಿಯರೂ ಸುಮ್ಮನೆ ಕೂರಲಿಲ್ಲ. ಜೈಲಿನಲ್ಲಿ ಉಪವಾಸ ಕೂತವರನ್ನು ಸುಸ್ತಾದಾಗ ಬಿಡುವುದು, ಚೇತರಿಸಿಕೊಂಡ ಕೂಡಲೇ ಮತ್ತೆ ಹಿಡಿದು ಒಳಗೆ ಹಾಕುವುದು ಅಂತ 1913ರಲ್ಲಿ ಸರ್ಕಾರ ಕಾನೂನು ಮಾಡಿತು. ಜನ ಅದನ್ನು ಬೆಕ್ಕು ಇಲಿ ಕಾನೂನು ಅಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ನಾವು ಹೇಳುವುದು ಅಕ್ಷರಕ್ಕೆ ಅಕ್ಷರ ಅಲ್ಲಿ ನಡೆಯಿತು. 1914ರಲ್ಲಿ ಹೋರಾಟಗಾರ್ತಿಯರ ಕಡೆಯಿಂದಲೇ ಒಂದು ಪೋಸ್ಟರ್ ಬಂತು. ದೊಡ್ಡ ಬೆಕ್ಕಿನ ಬಾಯಲ್ಲಿ ಪುಟ್ಟ ಹೆಣ್ಣು, ಕೈಕಾಲು ಸೋತು ಜೋತಿದೆ. ಅದೇ ಪ್ರಾಣಿ, ಆದರೆ ಈ ಸಲ ಬೆಕ್ಕು ಸರ್ಕಾರ.

ಮಂಡ್ಯ_ಮಂಜ

ಮಕ್ಕಳ ಬೆಕ್ಕಿನ ಕಾರ್ಡಿನ ಚರ್ಚೆಗೂ ರಾಜಕೀಯ ಬೇಕಾ ಮೇಡಂ?

ನೀಲಿಶಾಯಿ

ತಂದವಳು ನಾನಲ್ಲ, ಆ ಕಾರ್ಡು ಅಚ್ಚು ಹಾಕಿದವರು. ಅಂಚೆಯಲ್ಲಿ ಅದನ್ನು ಪಡೆದ ಹೆಂಗಸು ಏನು ಅಂದುಕೊಂಡಳು ಅಂತ ಯೋಚಿಸದೆ ‘ಎಷ್ಟು ಮುದ್ದಾಗಿದೆ’ ಅಂತ ಆಲ್ಬಂಗೆ ಅಂಟಿಸಲು ನನಗೆ ಆಗುವುದಿಲ್ಲ.

ಕುಂಚ

ನೀಲಿಶಾಯಿ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸಿ. ಆ ಅಳುವ ಮರಿಯ ಕಾರ್ಡನ್ನು ಸರಿಯಾಗಿ ನೋಡಿ. ಅದರಲ್ಲಿ ಬೆಕ್ಕು ಇಲ್ಲವೇ ಇಲ್ಲ, ಬೆಕ್ಕಿನ ಚರ್ಮ ಹೊದೆಸಿದ ಬೈಗುಳ ಇದೆ.

ಬಿಳಿಬೆಕ್ಕು

ಬೆಕ್ಕಿಗೆ ನಿಜವಾಗಿ ಬಟ್ಟೆ ಹಾಕಿ ಫೋಟೋ ತೆಗೆದವರೂ ಇದ್ದರಲ್ಲ? ಅವನ್ನು ನೋಡಿದರೆ ನನಗೆ ಹೊಟ್ಟೆ ತೊಳಸಿದ ಹಾಗಾಗುತ್ತದೆ. ಅವು ಸತ್ತ ಬೆಕ್ಕುಗಳಂತೆ, ಹೌದಾ?

ಅಂಚೆಡಬ್ಬಿ

ಎರಡು ಬೇರೆ ಬೇರೆ ಸಂಗತಿ ಒಂದಾಗಿಬಿಟ್ಟಿವೆ. ಸತ್ತ ಪ್ರಾಣಿಗಳಿಗೆ ಹುಲ್ಲು ತುಂಬಿ ನಿಲ್ಲಿಸುತ್ತಿದ್ದವರು ಇಂಗ್ಲೆಂಡಿನ ಬ್ರಾಂಬರ್ ಅನ್ನುವ ಹಳ್ಳಿಯ ವಾಲ್ಟರ್ ಪಾಟರ್. ಅವರ ‘ಬೆಕ್ಕಿನ ಮರಿಗಳ ಮದುವೆ’ 1890ರದ್ದು. ನೀವು ಹೇಳುವ ಫೋಟೋ ಕಾರ್ಡುಗಳು ಅಮೆರಿಕದ ಹ್ಯಾರಿ ವಿಟಿಯರ್ ಫ್ರೀಸ್ ತೆಗೆದವು. 1906ರಲ್ಲಿ ಅವರ ಮನೆಯ ಹುಟ್ಟುಹಬ್ಬದಲ್ಲಿ ಕಾಗದದ ಟೋಪಿ ಕೈಯಿಂದ ಕೈಗೆ ಹೋಗಿ ಬೆಕ್ಕಿನ ತಲೆ ಮೇಲೆ ಕೂತಿತು, ಅಲ್ಲಿಂದ ಶುರು. ಅವು ಜೀವಂತ ಮರಿಗಳೇ. ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಚಿತ್ರ ಹಿಡಿಯಬೇಕು. ಅಷ್ಟು ಹೊತ್ತು ಮರಿ ಅಲ್ಲಾಡದೆ ಇರಬೇಕಲ್ಲ. ತೆಗೆದವುಗಳಲ್ಲಿ ಹೆಚ್ಚಿನವು ಹಾಳಾಗುತ್ತಿದ್ದವು. ಆ ಕೆಲಸದ ಆಯಾಸ ತಡೆಯಲಾಗದೆ ವರ್ಷಕ್ಕೆ ಮೂರು ತಿಂಗಳು ಮಾತ್ರ ಮಾಡುತ್ತಿದ್ದರು.

ಬಿಳಿಬೆಕ್ಕು

ಜೀವಂತ ಅಂದರೆ ಇನ್ನೂ ಬೇಜಾರು. ಬೆಕ್ಕಿಗೆ ಮೈ ಮೇಲೆ ಏನು ಹಾಕಿದರೂ ಕಿವಿ ಹಿಂದಕ್ಕೆ ಹೋಗುತ್ತದೆ, ಮೈ ನೆಲಕ್ಕೆ ಅಂಟುತ್ತದೆ. ಕುಂಚದಲ್ಲಿ ಬರೆದ ಬೆಕ್ಕಿಗೆ ಆ ಹಿಂಸೆ ಇಲ್ಲ. ನನ್ನ ಓಟು ಚಿತ್ರಕ್ಕೆ.

ಗದಗ_ಪ್ರೆಸ್

ಬರೀ ಬೆಕ್ಕೇ ಆಯಿತು. ಹಂದಿಗೂ ಜಾಗ ಕೊಡಿ! ಜರ್ಮನ್ ಹೊಸವರ್ಷದ ಕಾರ್ಡಿನಲ್ಲಿ ಹಂದಿಯೇ ಹೀರೋ. ಅವರಿಗೆ ಅದು ಅದೃಷ್ಟದ ಗುರುತು. ನಾಲ್ಕೆಲೆಯ ಸೊಪ್ಪು, ಕೆಂಪು ಅಣಬೆ, ಚಿನ್ನದ ನಾಣ್ಯದ ಚೀಲ, ನಡುವೆ ಗುಲಾಬಿ ಹಂದಿಮರಿ ಷಾಂಪೇನ್ ಬಾಟಲಿ ಹಿಡಿದು ಕುಣಿಯುತ್ತಿರುತ್ತದೆ.

ಹಾವೇರಿ_ಹುಡುಗಿ

ಹೊಸವರ್ಷಕ್ಕೆ ಹಂದಿ ಚಿತ್ರ ಕಳಿಸಿದರೆ ನಮ್ಮ ಕಡೆ ನೆಂಟಸ್ತಿಕೆಯೇ ಮುರಿದುಹೋಗುತ್ತದೆ.

ಜಯನಗರ_ಜಗ್ಗಿ

ವೇನ್ ವಿಷಯದಲ್ಲಿ ಮುಖ್ಯವಾದದ್ದನ್ನು ಯಾರೂ ಹೇಳಲಿಲ್ಲ. ಅವರಿಗೆ ಹುಚ್ಚು ಹಿಡಿಯಿತು. ಹುಚ್ಚು ಹೆಚ್ಚಾದ ಹಾಗೆಲ್ಲ ಬೆಕ್ಕು ಒಡೆದು ಚೂರಾಗಿ ಕೊನೆಗೆ ಬರೀ ಬಣ್ಣದ ರಂಗೋಲಿ ಆಯಿತು. ಆ ಎಂಟು ಚಿತ್ರಗಳ ಸಾಲನ್ನು ನೋಡಿದರೆ ಮನಸ್ಸು ಹೇಗೆ ಕುಸಿಯುತ್ತದೆ ಅಂತ ಕಣ್ಣಿಗೆ ಕಟ್ಟುತ್ತದೆ. ಮನಃಶಾಸ್ತ್ರದ ಪಠ್ಯದಲ್ಲೇ ಇದೆ.

ರಾತ್ರಿಪಾಳಿ

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡುವವನು. ಈ ಕಥೆ ಕೇಳಿ ಕೇಳಿ ಸಾಕಾಗಿದೆ.

ಆ ಸಾಲನ್ನು ವೇನ್ ಮಾಡಲಿಲ್ಲ. ವಾಲ್ಟರ್ ಮ್ಯಾಕ್ಲೇ ಅನ್ನುವ ಮನೋವೈದ್ಯರಿಗೆ 1939ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನ ಒಂದು ಅಂಗಡಿಯಲ್ಲಿ ಈ ಚಿತ್ರಗಳು ಸಿಕ್ಕವು. ಯಾವುದರ ಮೇಲೂ ತಾರೀಖಿಲ್ಲ. ಮನಸ್ಸಿನ ಕಾಯಿಲೆ ಹೆಚ್ಚಾದರೆ ಚಿತ್ರ ಹೀಗೆ ಬದಲಾಗಬೇಕು ಅಂತ ಅವರಿಗೆ ಒಂದು ನಂಬಿಕೆ ಇತ್ತು. ಆ ನಂಬಿಕೆಗೆ ತಕ್ಕ ಹಾಗೆ ಜೋಡಿಸಿದರು. ಯಾವುದು ಮೊದಲು, ಯಾವುದು ಆಮೇಲೆ ಅಂತಲೇ ಗೊತ್ತಿಲ್ಲದೆ ‘ಕುಸಿತ’ ಎಲ್ಲಿಂದ ಬಂತು? ವೇನ್ ತಂದೆ ಬಟ್ಟೆ ವ್ಯಾಪಾರದವರು. ಚಿಕ್ಕಂದಿನಿಂದ ಜವಳಿಯ ಬಳ್ಳಿ, ಹೂವು, ಚೌಕಗಳನ್ನು ನೋಡಿ ಬೆಳೆದವರು ಆ ಥರ ಬರೆದರೆ ಅದು ರೋಗವೇ ಆಗಬೇಕಾ?

ಅವರಿಗೆ ಕಾಯಿಲೆ ಇದ್ದದ್ದು ನಿಜ. 1924ರಲ್ಲಿ ಆಸ್ಪತ್ರೆಗೆ ಸೇರಿಸಿದರು, ಅದೂ ಬಡವರ ವಾರ್ಡಿಗೆ. ಆದರೆ ಆಸ್ಪತ್ರೆಯಲ್ಲಿದ್ದ ವರ್ಷಗಳಲ್ಲೂ ಹಳೆಯ ಥರದ ನಗುವ ಬೆಕ್ಕುಗಳನ್ನು ಬರೆಯುತ್ತಲೇ ಇದ್ದರು.

ಜಯನಗರ_ಜಗ್ಗಿ

ಜೋಡಿಸಿದ್ದು ಯಾರೇ ಆಗಲಿ, ಆ ಚಿತ್ರಗಳು ಬೇರೆ ಥರ ಇರುವುದಂತೂ ಸುಳ್ಳಲ್ಲವಲ್ಲ. ಒಬ್ಬ ಮನುಷ್ಯ ಕಾರಣವಿಲ್ಲದೆ ಅಷ್ಟು ಬದಲಾಗುತ್ತಾನಾ?

ಕುಂಚ

ಚಿತ್ರಕಾರರು ಬದಲಾಗಲು ಕಾಯಿಲೆ ಬೇಕಾ? ನಾನೇ ಬೆಳಿಗ್ಗೆ ಗೆರೆಯಲ್ಲಿ ಆನೆ ಬರೆಯುತ್ತೇನೆ, ಮಧ್ಯಾಹ್ನ ಅದೇ ಆನೆಯನ್ನು ಬರೀ ತ್ರಿಕೋನದಲ್ಲಿ ಬರೆಯುತ್ತೇನೆ. ನಾಳೆ ಯಾರಾದರೂ ಅವೆರಡನ್ನೂ ಅಕ್ಕಪಕ್ಕ ಇಟ್ಟು ನನಗೆ ರೋಗದ ಹೆಸರು ಕೊಟ್ಟರೆ ನಾನು ಸುಮ್ಮನಿರುವುದಿಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ವೇನ್ ಬಡವರ ವಾರ್ಡಿಗೆ ಯಾಕೆ ಹೋಗಬೇಕಾಯಿತು? ಅವರ ಬೆಕ್ಕುಗಳು ಕಾರ್ಡು, ಪುಸ್ತಕ, ಪತ್ರಿಕೆ ಅಂತ ಎಲ್ಲೆಲ್ಲೂ ಇದ್ದವು. ತಾಯಿ, ಐದು ಜನ ತಂಗಿಯರ ಸಂಸಾರ ತಲೆ ಮೇಲಿತ್ತು. ಚಿತ್ರ ಮಾರುವಾಗ ಅದರ ಹಕ್ಕನ್ನೂ ಸೇರಿಸಿ ಕೊಟ್ಟುಬಿಡುತ್ತಿದ್ದರು. ಒಂದು ಸಲ ದುಡ್ಡು ಬಂತು, ಮುಗಿಯಿತು. ಆಮೇಲೆ ಎಷ್ಟು ಸಲ ಅಚ್ಚಾದರೂ ಅವರಿಗೆ ಬಿಡಿಗಾಸಿಲ್ಲ. 1925ರಲ್ಲಿ ಲೇಖಕ ಎಚ್. ಜಿ. ವೆಲ್ಸ್, ಪ್ರಧಾನಿಯಾಗಿದ್ದ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅಂಥವರು ದನಿ ಎತ್ತಿದ ಮೇಲೆ ಬೆತ್ಲೆಮ್ ಆಸ್ಪತ್ರೆಗೆ ಜಾಗ ಬದಲಾಯಿತು. 1930ರಿಂದ ನ್ಯಾಪ್ಸ್‌ಬರಿ ಆಸ್ಪತ್ರೆಯಲ್ಲಿದ್ದರು. ಅಲ್ಲಿ ತೋಟವಿತ್ತು, ಬೆಕ್ಕುಗಳೂ ಇದ್ದವು. ಇದೆಲ್ಲ ಬಿಟ್ಟು ಹುಚ್ಚಿನ ಕಥೆಯೇ ಎಲ್ಲರಿಗೂ ಬೇಕು. ಹಾರ್ಟುಂಗ್‌ಗೆ ಹೆಸರು ತಪ್ಪಿತು, ವೇನ್‌ಗೆ ದುಡ್ಡು ತಪ್ಪಿತು. ಜಗ್ಗಿ, ಚರ್ಚೆ ಮಾಡುವುದಾದರೆ ಇದನ್ನು ಮಾಡೋಣ.

ರಾತ್ರಿಪಾಳಿ

ಕುಂಚ ಅವರ ಮಾತಿಗೆ ನನ್ನ ಸಹಿ.

ಜಯನಗರ_ಜಗ್ಗಿ

ಹಕ್ಕಿನ ವಿಷಯ ಒಪ್ಪಿದೆ. ಚಿತ್ರಗಳ ವಿಷಯದಲ್ಲಿ ನನ್ನ ಅಭಿಪ್ರಾಯ ನನಗೆ.

ಅಂಚೆಡಬ್ಬಿ

ವೇನ್ ಕಾರ್ಡು ತಂದವರಲ್ಲಿ ದೊಡ್ಡ ಹೆಸರು ರಫೇಲ್ ಟಕ್ ಕಂಪನಿ. ಲಂಡನ್ನಿನಲ್ಲಿದ್ದ ಅವರ ಕಟ್ಟಡ 1940ರ ಡಿಸೆಂಬರ್ 29ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ದಶಕಗಳಿಂದ ಕೂಡಿಟ್ಟ ಮೂಲ ಚಿತ್ರಗಳು, ದಾಖಲೆಗಳು ಅಲ್ಲೇ ಬೂದಿಯಾದವು. ಹಾಗಾಗಿ ಎಷ್ಟೋ ಚಿತ್ರಗಳಿಗೆ ಜನರ ಮನೆಯಲ್ಲಿ ಉಳಿದ ಕಾರ್ಡೇ ಈಗ ಆಧಾರ. ಡಬ್ಬಿಯಲ್ಲಿ ಇಂಥವು ಸಿಕ್ಕವರು ದಯವಿಟ್ಟು ಎಸೆಯಬೇಡಿ.

ಸಾಗರದ_ಸುಮ

ಎಷ್ಟೊಂದು ವಿಷಯ ಹೇಳಿದಿರಿ, ಎಲ್ಲರಿಗೂ ತುಂಬಾ ಧನ್ಯವಾದ. ಹಾರ್ಟುಂಗ್ ಹೆಸರು ಮನೆಯವರಿಗೆಲ್ಲ ಹೇಳಿದೆ. ಇನ್ನೊಂದು ಸಹಾಯ ಬೇಕು. ಸಾಗರದ ಮಳೆ ನಿಮಗೆ ಗೊತ್ತೇ ಇದೆ. ಈ ಕಾರ್ಡುಗಳಿಗೆ ಬೂಷ್ಟು ಹಿಡಿಯದ ಹಾಗೆ ಹೇಗೆ ಇಡಲಿ? ಲ್ಯಾಮಿನೇಷನ್ ಮಾಡಿಸಿಬಿಡಲಾ?

ಗದಗ_ಪ್ರೆಸ್

ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ! ಬಿಸಿಗೆ ಬಣ್ಣ ಕೆಡುತ್ತದೆ, ಆಮೇಲೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪ್, ಗೋಂದು ಕೂಡ ಬೇಡ.

ಅಂಚೆಡಬ್ಬಿ

ಒಂದೊಂದು ಕಾರ್ಡಿಗೂ ಒಂದೊಂದು ಪಾಲಿಯೆಸ್ಟರ್ ಕವರ್ ತೆಗೆದುಕೊಳ್ಳಿ. ಪಿವಿಸಿ ಪ್ಲಾಸ್ಟಿಕ್ಕಿನದು ಬೇಡ, ಅದು ವರ್ಷಗಳಾದ ಮೇಲೆ ಜಿಗುಟಾಗಿ ಬಣ್ಣ ಎಳೆಯುತ್ತದೆ. ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಚೀಲ ಹಾಕಿ, ಮಳೆಗಾಲದಲ್ಲಿ ಆಗಾಗ ಬದಲಾಯಿಸಿ. ಹೊರಗಿನ ಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ, ಮಲೆನಾಡಿನಲ್ಲಿ ಆ ಗೋಡೆಯೇ ನೀರು ಕುಡಿದಿರುತ್ತದೆ. ಮಗಳು ದಿನಾ ನೋಡುತ್ತಾಳೆ ಅಂದಿರಲ್ಲ, ಎರಡೂ ಬದಿ ಸ್ಕ್ಯಾನ್ ಮಾಡಿಸಿ ಪ್ರಿಂಟ್ ಅವಳ ಕೈಗೆ ಕೊಡಿ. ಹಿಂಬದಿಯನ್ನು ಮರೆಯಬೇಡಿ, ಅಂಚೆ ಮುದ್ರೆ, ತಾರೀಖು, ಅಚ್ಚಿನ ನಂಬರ್ ಎಲ್ಲಾ ಅಲ್ಲೇ ಇರುವುದು.

ಮಂಡ್ಯ_ಮಂಜ

ನುಸಿಗುಳಿಗೆ ಹಾಕಬಹುದಾ?

ಗದಗ_ಪ್ರೆಸ್

ಬೇಡ ಮಂಜಣ್ಣ. ಅದು ಹುಳಕ್ಕೆ ಸರಿ, ಬೂಷ್ಟಿಗೆ ಏನೂ ಮಾಡುವುದಿಲ್ಲ. ವಾಸನೆ ಕಾರ್ಡಿಗೆ ಹತ್ತಿದರೆ ಹೋಗುವುದೂ ಇಲ್ಲ. ಒಳಗೆ ಬೆಳ್ಳಿಮೀನು ಹುಳ ಕಂಡರೆ ಡಬ್ಬಿ ಖಾಲಿ ಮಾಡಿ ಮೂಲೆಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಕಾರ್ಡು ವಾಪಸ್ ಇಡಿ.

ಜ್ಯೂರಿಕ್_ಕನ್ನಡಿಗ

ಸುಮಾ ಅವರೇ, ಸ್ಕ್ಯಾನ್ ಆದ ಮೇಲೆ ಹಿಂಬದಿಯ ನಂಬರ್‌ಗಳನ್ನು ಇಲ್ಲೇ ಹಾಕಿ. ಕ್ಯೂನ್ಸ್‌ಲಿ ಕಾರ್ಡುಗಳ ಜೊತೆ ತಾಳೆ ನೋಡಿ, ನಿಮ್ಮ ಡಬ್ಬಿಯಲ್ಲಿ ಇರುವುದು ಯಾವ ಯಾವ ಚಿತ್ರ ಅಂತ ಪಟ್ಟಿ ಮಾಡಿ ಕಳಿಸುತ್ತೇನೆ.